ಬೆಳಗ್ಗೆ ನಾಲ್ಕು ಗಂಟೆ ಕಾಲ ಮಾರೋದಕ್ಕೆ ನಮಗೊಂದು ನೆರಳು ಕೊಡಿ

ಹಾಸನದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ನಗರದ ಜನಪ್ರತಿನಿಧಿಗಳಿಗೆ, ದಿನಾ ಬೆಳಗ್ಗೆ ಹೂವು ತರಕಾರಿ ಕೊಳ್ಳುವ ನಮ್ಮ ಊರಿನ ಜನರಿಗೆ,

ನಮಸ್ಕಾರ.

ಆಯುಧಪೂಜೆ ಮುಗಿದ ಮಾರನೇ ದಿನ ರಸ್ತೆ ಬದಿಯಲ್ಲಿ ಚೆಂಡುಹೂವಿನ ರಾಶಿ ಬಿದ್ದಿರುವುದನ್ನು ನೀವು ನೋಡಿರುತ್ತೀರಿ. ಪ್ರತಿ ವರ್ಷ ಬಿದ್ದಿರುತ್ತದೆ. ಪಾಪ, ಪೌರಕಾರ್ಮಿಕರು ಅದನ್ನು ಬಾಚಿ ಬಾಚಿ ಗಾಡಿಗೆ ತುಂಬುತ್ತಾರೆ. ಈ ವರ್ಷ ಆ ರಾಶಿಯಲ್ಲಿ ನನ್ನದೂ ಎರಡು ಮೂಟೆ ಇತ್ತು. ಹಬ್ಬಕ್ಕೆ ಎರಡು ದಿನ ಮೊದಲು ಕಿಲೋಗೆ 80 ರೂಪಾಯಿಗೆ ಹೋದ ಹೂವು, ಹಬ್ಬ ಕಳೆದ ಬೆಳಗ್ಗೆ 5 ರೂಪಾಯಿಗೂ ಬೇಡವಾಯಿತು. ವಾಪಸ್ ಊರಿಗೆ ಒಯ್ಯೋಣ ಅಂದರೆ ಆಟೋ ಬಾಡಿಗೆಯೇ ಹೂವಿಗಿಂತ ಜಾಸ್ತಿ. ಸುರಿದುಬಿಟ್ಟೆ. ಖಾಲಿ ಚೀಲ ಮಡಚಿಕೊಂಡು ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಈ ಪತ್ರ ಬರೆಯಲೇಬೇಕು ಅನ್ನಿಸಿತು.

ನಾನು ಕೇಳುತ್ತಿರುವುದು ಒಂದೇ ಒಂದು. ಬೆಳಗ್ಗೆ ಐದರಿಂದ ಒಂಬತ್ತರವರೆಗೆ, ಬೆಳೆದವರೇ ಕೂತು ಮಾರುವಂಥ ಒಂದು ಜಾಗ ಬೇಕು. ತಲೆ ಮೇಲೆ ನೆರಳು, ಪಕ್ಕದಲ್ಲಿ ಒಂದು ನಲ್ಲಿ, ಹೆಂಗಸರಿಗೆ ಒಂದು ಶೌಚಾಲಯ ಇರಬೇಕು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟುದ್ದ ಪತ್ರ ಯಾಕೆ ಅಂತ ಕೇಳಬೇಡಿ. ನಮ್ಮ ಕೆಲಸ ಹೇಗೆ ನಡೆಯುತ್ತದೆ ಅಂತ ಗೊತ್ತಾದರೆ ಮಾತ್ರ ಈ ನಾಲ್ಕು ಗಂಟೆಯ ಬೆಲೆ ಗೊತ್ತಾಗುತ್ತದೆ.

ನಮ್ಮದು ಹಾಸನದಿಂದ ಗೊರೂರಿಗೆ ಹೋಗುವ ಕಡೆ ಒಂದು ಹಳ್ಳಿ. ಒಂದು ಎಕರೆ ಹತ್ತು ಕುಂಟೆ ಜಮೀನು, ಒಂದು ಬೋರ್‌ವೆಲ್. ನಮ್ಮ ಮಾವನವರ ಕಾಲದಲ್ಲಿ ಮುಂಗಾರು ಬಂತೆಂದರೆ ಅಷ್ಟಕ್ಕೂ ಆಲೂಗಡ್ಡೆ. ಹಾಸನ ಅಂದರೆ ಆಲೂಗಡ್ಡೆ ಅನ್ನುವ ಕಾಲ ಅದು. ಪಂಜಾಬಿನ ಜಲಂಧರ್‌ನಿಂದ ಲಾರಿಗಟ್ಟಲೆ ಬಿತ್ತನೆ ಗಡ್ಡೆ ಬರುತ್ತಿತ್ತು. ಆಮೇಲೆ ಅಂಗಮಾರಿ ಬಂತು. ಮೋಡ ಮುಚ್ಚಿಕೊಂಡು ನಾಲ್ಕು ದಿನ ಜಡಿಮಳೆ ಹಿಡಿದರೆ ಸಾಕು, ಹಸಿರಾಗಿದ್ದ ಹೊಲ ಬೆಂಕಿ ಬಿದ್ದ ಹಾಗೆ ಕಪ್ಪಗಾಗುತ್ತಿತ್ತು. ಎರಡು ವರ್ಷ ಮೇಲಿಂದ ಮೇಲೆ ಹಾಗಾದ ಮೇಲೆ ಮಾವ ಆಲೂಗಡ್ಡೆ ಬಿಟ್ಟರು. ನಮ್ಮ ಸುತ್ತಮುತ್ತ ಎಷ್ಟೋ ಜನ ಬಿಟ್ಟು ಮುಸುಕಿನ ಜೋಳಕ್ಕೆ, ಶುಂಠಿಗೆ ಹೋದರು. ನಾವು ಸೊಪ್ಪು, ತರಕಾರಿ, ಹೂವಿಗೆ ಬಂದೆವು.

ಯಾಕೆಂದರೆ ಆಲೂಗಡ್ಡೆಗೆ ಮೂರು ತಿಂಗಳು ಕಾಯಬೇಕು. ಬಂದರೆ ಒಂದೇ ಸಲ ದುಡ್ಡು, ಹೋದರೆ ಒಂದೇ ಸಲ ಎಲ್ಲವೂ. ಕೊತ್ತಂಬರಿ 40, 45 ದಿನಕ್ಕೆ ಕೀಳಬಹುದು. ಮೆಂತ್ಯ ಇನ್ನೂ ಬೇಗ. ಬೀನ್ಸ್ ಎರಡು ತಿಂಗಳಿಗೆ ಶುರುವಾಗುತ್ತದೆ, ಚೆಂಡುಹೂವೂ ಹೆಚ್ಚುಕಮ್ಮಿ ಅಷ್ಟೇ. ಅತ್ತೆಯ ಲೆಕ್ಕದಲ್ಲಿ ಎಂಟು ದಿನಕ್ಕೊಂದು ಸಲ ಎರಡು ಮಡಿ ಸೊಪ್ಪು ಬಿತ್ತಬೇಕು. ಆಗ ಪ್ರತಿ ವಾರ ಕೀಳೋದಕ್ಕೆ ಏನಾದರೂ ಇರುತ್ತದೆ. ಬಾವಿಯಲ್ಲಿ ನೀರು ಊರಿದ ಹಾಗೆ ಕೈಗೆ ದುಡ್ಡು ಬರಬೇಕು ಅನ್ನುತ್ತಾರೆ. ಮಕ್ಕಳ ಸ್ಕೂಲ್ ಫೀಸು, ಮಾವನ ಮಾತ್ರೆ, ಸಂಘದ ವಾರದ ಕಂತು, ಯಾವುದೂ ಮೂರು ತಿಂಗಳು ಕಾಯುವುದಿಲ್ಲ ಅಲ್ವಾ?

ಸೇವಂತಿಗೆಯದು ಬೇರೆಯೇ ಲೆಕ್ಕ. ಅದು ಹಗಲು ಚಿಕ್ಕದಾದಾಗ ಮೊಗ್ಗು ಕಟ್ಟುವ ಗಿಡ. ಅದಕ್ಕೇ ದೊಡ್ಡ ಬೆಳೆಗಾರರು ರಾತ್ರಿ ಹೊಲದ ತುಂಬಾ ಬಲ್ಬ್ ಹಾಕಿ, ಗಿಡಕ್ಕೆ ಇನ್ನೂ ಹಗಲಿದೆ ಎಂದು ನಂಬಿಸಿ, ಮೊಗ್ಗನ್ನು ತಮಗೆ ಬೇಕಾದ ತಿಂಗಳಿಗೆ ತಳ್ಳುತ್ತಾರೆ. ನಮ್ಮಂಥವರಿಗೆ ಅದು ಆಗುವುದಿಲ್ಲ. ನಮ್ಮ ಸೇವಂತಿಗೆ ಮಳೆಗಾಲದಲ್ಲಿ ನೆಟ್ಟು ದೀಪಾವಳಿ ಹೊತ್ತಿಗೆ, ಕಾರ್ತಿಕಕ್ಕೆ ತಾನಾಗಿ ಬಿಡುತ್ತದೆ. ನಮ್ಮದು ಬಿಡುವಾಗ ಎಲ್ಲರದ್ದೂ ಬಿಡುತ್ತದೆ. ಬೆಲೆ ಬೀಳುತ್ತದೆ.

ಈಗ ನಮ್ಮ ಬೆಳಗಿನ ವಿಷಯ ಹೇಳುತ್ತೇನೆ. ಮೂರೂವರೆಗೆ ಏಳುತ್ತೇವೆ. ಹಣೆಗೆ ಬ್ಯಾಟರಿ ಕಟ್ಟಿಕೊಂಡು ನಾನು, ನಮ್ಮನೆಯವರು, ಪಕ್ಕದ ಮನೆಯ ಅಕ್ಕ ಹೂವಿಗೆ ಇಳಿಯುತ್ತೇವೆ. ಅಕ್ಕ ನಮ್ಮ ಹೊಲಕ್ಕೆ ಬಂದ ದಿನದ ಲೆಕ್ಕ ಇಟ್ಟು ನಾನು ಅವರ ಹೊಲಕ್ಕೆ ಹೋಗುತ್ತೇನೆ, ಮುಯ್ಯಾಳು. ಈ ತಿಂಗಳು ಇಬ್ಬನಿ ಜೋರು. ಸೀರೆಯ ಅಂಚು ಹತ್ತು ನಿಮಿಷಕ್ಕೆ ತೊಪ್ಪೆಯಾಗುತ್ತದೆ, ಬೆರಳ ತುದಿ ಮರಗಟ್ಟುತ್ತದೆ. ಸೇವಂತಿಗೆಯನ್ನು ಎಳೆಯಬಾರದು. ತೊಟ್ಟನ್ನು ಎರಡು ಬೆರಳ ಮಧ್ಯೆ ಹಿಡಿದು ಹೆಬ್ಬೆರಳ ಉಗುರಿನಿಂದ ಚಿವುಟಬೇಕು. ಎಳೆದರೆ ಪಕ್ಕದ ಮೊಗ್ಗು ಉದುರುತ್ತದೆ, ಆ ಮೊಗ್ಗು ನಾಡಿದ್ದಿನ ದುಡ್ಡು. ಕೈಯೆಲ್ಲ ಹಸಿರು ಕಹಿ ವಾಸನೆ. ಎಷ್ಟು ತಿಕ್ಕಿ ತೊಳೆದರೂ ಮಧ್ಯಾಹ್ನದ ಮುದ್ದೆಗೂ ಆ ಕಹಿ ಹತ್ತಿಕೊಂಡಿರುತ್ತದೆ. ಅತ್ತೆ ಜಗಲಿ ಮೇಲೆ ಕೂತು ಬಿಡಿ ಹೂವು ಬೇರೆ ಮಾಡುತ್ತಾರೆ, ಕಟ್ಟಬೇಕಾದದ್ದನ್ನು ಬಾಳೆನಾರಲ್ಲಿ ಕಟ್ಟುತ್ತಾರೆ. ಮಾರು ಅಳೆಯುವಾಗ ಅವರು ಎರಡೂ ಕೈ ಪೂರ್ತಿ ಚಾಚುತ್ತಾರೆ. ಕೈ ಮಡಚಿ ಅಳೆದ ಹೂವು ದೇವರಿಗೆ ಮುಟ್ಟುವುದಿಲ್ಲವಂತೆ.

ಸೊಪ್ಪು ಹಿಂದಿನ ಸಂಜೆಯೇ ಕಿತ್ತಿರುತ್ತೇವೆ. ಅದನ್ನು ತೊಳೆದು ಚೀಲಕ್ಕೆ ತುಂಬಿದರೆ ಬೆಳಗಾಗುವುದರಲ್ಲಿ ಕೊಳೆಯುತ್ತದೆ. ತೊಳೆಯದೆ ಒತ್ತಿ ತುಂಬಿದರೂ ಒಳಗೆ ಬಿಸಿ ಏಳುತ್ತದೆ. ನಂಬಿಕೆ ಇಲ್ಲದಿದ್ದರೆ ಕೊತ್ತಂಬರಿ ತುಂಬಿದ ಗೋಣಿಚೀಲದ ಹೊಟ್ಟೆಗೆ ಕೈ ತೂರಿಸಿ ನೋಡಿ, ಜ್ವರ ಬಂದ ಮಗುವಿನ ಮೈಯ ಹಾಗೆ ಬೆಚ್ಚಗಿರುತ್ತದೆ. ಕಿತ್ತ ಮೇಲೂ ಸೊಪ್ಪು ಉಸಿರಾಡುತ್ತದೆ, ಆ ಉಸಿರಿನ ಬಿಸಿಗೇ ಹಳದಿಯಾಗುತ್ತದೆ. ಅದಕ್ಕೆ ನಾವು ಹಿತ್ತಿಲಲ್ಲಿ ಒಂದು ತಂಪು ತೊಟ್ಟಿ ಕಟ್ಟಿಕೊಂಡಿದ್ದೇವೆ. ಇಟ್ಟಿಗೆಯ ಎರಡು ಗೋಡೆ, ನಡುವೆ ಮರಳು, ಮರಳಿಗೆ ಬೆಳಗ್ಗೆ ಸಂಜೆ ನೀರು, ಮೇಲೆ ಒದ್ದೆ ಗೋಣಿ. ಕರೆಂಟ್ ಬೇಡವೇ ಬೇಡ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ತೋರಿಸಿಕೊಟ್ಟ ವಿಧಾನ ಇದು. ಮಡಕೆ ನೀರು ತಣ್ಣಗಾಗುವ ಹಾಗೆಯೇ ಒಳಗೆ ತಣ್ಣಗಿರುತ್ತದೆ. ಮನೆಯಲ್ಲಿ ಇಷ್ಟು ಜೋಪಾನ ಮಾಡಿದ ಸೊಪ್ಪನ್ನು ತಂದು ಹಾಸನದ ಡಾಂಬರು ರಸ್ತೆ ಮೇಲೆ, ಬಿಸಿಲಲ್ಲಿ ಹರಡುತ್ತೇವೆ. ಎಂಟೂವರೆಗೆ ಎಲೆ ಜೋಲು ಬೀಳುತ್ತದೆ. ಹತ್ತು ಗಂಟೆಗೆ ಕೇಳುವವರಿಲ್ಲ.

ಹಾಸನಾಂಬೆಯ ಮುಂದಿಟ್ಟ ಹೂವು ಬಾಗಿಲು ಮುಚ್ಚಿ ವರ್ಷ ಕಳೆದರೂ ಬಾಡುವುದಿಲ್ಲ ಎಂದು ನಾವೆಲ್ಲ ನಂಬಿದ್ದೇವೆ. ಇನ್ನು ಕೆಲವೇ ದಿನಕ್ಕೆ ಆ ಬಾಗಿಲು ತೆರೆಯುತ್ತದೆ. ನಾಡಿನ ಎಲ್ಲ ಕಡೆಯಿಂದ ಜನ ಬರುತ್ತಾರೆ, ಹೂವು ಕೊಳ್ಳುತ್ತಾರೆ. ಆ ತಾಯಿಗೆ ಮುಡಿಸುವ ಹೂವು ಬೆಳೆದವಳು ಊರಿನೊಳಗೆ ಕೂರಲು ಜಾಗವಿಲ್ಲದೆ ಚರಂಡಿ ಕಲ್ಲಿನ ಮೇಲೆ ಕೂತಿರುತ್ತಾಳೆ. ನನಗೆ ಇದು ತುಂಬಾ ನೋವಿನ ವಿಷಯ.

ಮಂಡಿಗೆ ಹಾಕಬಹುದಲ್ಲ ಅಂತ ನೀವು ಕೇಳಬಹುದು. ಹಾಕಿದ್ದೇನೆ, ಈಗಲೂ ಹಾಕುತ್ತೇನೆ. ಹೋದ ತಿಂಗಳ ಒಂದು ದಿನದ ಲೆಕ್ಕ ಹೇಳುತ್ತೇನೆ. 120 ಕಟ್ಟು ಕೊತ್ತಂಬರಿ. ಕಟ್ಟಿಗೆ 3 ರೂಪಾಯಿ ಕೂಗಿದರು, 360 ಆಯಿತು. ಕಮಿಷನ್ ಎಂದು 36 ಹಿಡಿದರು. ಹಮಾಲಿ 20. ಲಗೇಜ್ ಆಟೋದಲ್ಲಿ ನನ್ನ ಪಾಲು 120. ಕೈಗೆ ಉಳಿದದ್ದು 184 ರೂಪಾಯಿ. ಬೀಜ, ಗೊಬ್ಬರ, ಕಳೆ ತೆಗೆದ ಕೂಲಿ, ಕಿತ್ತು ಕಟ್ಟಿದ ನಮ್ಮ ಸಂಜೆ ಎಲ್ಲವೂ ಅದರೊಳಗೇ. ಅದೇ ದಿನ ಅದೇ ಕೊತ್ತಂಬರಿಯನ್ನು ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಕಟ್ಟಿಗೆ 15 ರೂಪಾಯಿಗೆ ಮಾರುತ್ತಿದ್ದರು. ಎಪಿಎಂಸಿ, ಅಂದರೆ ಕೃಷಿ ಮಾರುಕಟ್ಟೆ ಸಮಿತಿಯ ನಿಯಮದಲ್ಲಿ ಕಮಿಷನ್ ಕೊಡಬೇಕಾದವರು ಕೊಳ್ಳುವವರು, ಬೆಳೆದವರಿಂದ ಹಿಡಿಯುವ ಹಾಗಿಲ್ಲ. ಇದು ನನಗೂ ಗೊತ್ತು, ಹಿಡಿದವರಿಗೂ ಗೊತ್ತು. ಆದರೆ ಲೆಕ್ಕ ಬರೆದುಕೊಟ್ಟದ್ದು ಬಿಳಿ ಚೀಟಿಯಲ್ಲಿ. ಆ ಚೀಟಿಗೆ ಹೆಸರಿಲ್ಲ, ನಂಬರಿಲ್ಲ. ಯಾರ ಮುಂದೆ ತೋರಿಸಲಿ? ಜಗಳ ಆಡಿದರೆ ಮಾರನೇ ದಿನ ನನ್ನ ಚೀಲ ಕೊನೆಗೆ ಬಿಚ್ಚುತ್ತಾರೆ. ಸೊಪ್ಪಿಗೆ ಕೊನೆ ಎಂದರೆ ಬೆಲೆಯೇ ಇಲ್ಲ. ಮಳೆ ಬಂದ ದಿನವಂತೂ ಇನ್ನೂ ಕಷ್ಟ. ನೀರು ಹೂವು ಎಂದು ಒಂದು ಸಲ ಕಳೆಯುತ್ತಾರೆ, ತೂಕದಲ್ಲಿ ಇನ್ನೊಂದು ಸಲ ಕಳೆಯುತ್ತಾರೆ.

ಇನ್ನೊಂದು ದಿನ ಅದೇ 120 ಕಟ್ಟು ನಾನೇ ಕೂತು ಮಾರಿದೆ. 90 ಕಟ್ಟು ಹತ್ತು ರೂಪಾಯಿಯ ಹಾಗೆ ಹೋಯಿತು. ಉಳಿದ 30 ಕಟ್ಟನ್ನು ಒಂಬತ್ತು ಗಂಟೆ ಮೇಲೆ ಐದಕ್ಕೆ ಕೊಟ್ಟೆ. ಒಟ್ಟು 1,050. ಆಟೋ ಕಳೆದು 930 ಉಳಿಯಿತು. ಕೊಂಡವರಿಗೆ ಅಂಗಡಿಗಿಂತ ಕಡಿಮೆ, ನನಗೆ ಮಂಡಿಯ ಐದರಷ್ಟು. ನಾನು ಬೇರೆ ಯಾವ ಸಹಾಯಧನವನ್ನೂ ಈ ಪತ್ರದಲ್ಲಿ ಕೇಳುತ್ತಿಲ್ಲ. ಈ 184ಕ್ಕೂ 930ಕ್ಕೂ ನಡುವೆ ಇರುವುದು ಕೂರೋದಕ್ಕೆ ಒಂದು ಜಾಗ, ಅಷ್ಟೇ.

ಜಾಗ ಇಲ್ಲದೆ ಕೂತರೆ ಏನಾಗುತ್ತದೆ ಎಂಬುದಕ್ಕೆ ಒಂದು ದಿನ ಹೇಳುತ್ತೇನೆ. ಯಾವ ಊರು, ಯಾರು ಎಂದು ಹೇಳುವುದಿಲ್ಲ. ಒಬ್ಬರ ಮೇಲೆ ದೂರು ಹೇಳುವುದು ನನ್ನ ಉದ್ದೇಶವೂ ಅಲ್ಲ. ಶ್ರಾವಣದ ಒಂದು ಶುಕ್ರವಾರ. ಎರಡು ಮಂಕರಿ ಕಾಕಡ, ಕನಕಾಂಬರ, ಒಂದು ಚೀಲ ಸೊಪ್ಪು ಇಟ್ಟುಕೊಂಡು ಒಂದು ಅಂಗಡಿಯ ಮುಂದೆ, ಅಂಗಡಿಯವರನ್ನು ಕೇಳಿಯೇ ಕೂತಿದ್ದೆ. ಏಳು ಗಂಟೆಗೆ ಒಂದು ಗಾಡಿ ಬಂತು. ಸಂಚಾರಕ್ಕೆ ಅಡ್ಡಿ ಎಂದರು. ಏಳುತ್ತೇನೆ ಅಣ್ಣ, ಎರಡು ನಿಮಿಷ ಕೊಡಿ ಅನ್ನುವುದರಲ್ಲಿ ಮಂಕರಿ ಗಾಡಿ ಮೇಲಿತ್ತು. ದಂಡ ಕಟ್ಟಿ ಬಿಡಿಸಿಕೊಂಡು ಹೋಗು ಎಂದರು. ಎಲ್ಲಿ ಕಟ್ಟಬೇಕು ಎಂದು ಹುಡುಕುವುದರಲ್ಲಿ ಹನ್ನೊಂದೂವರೆ. ಮಂಕರಿ ಸಿಕ್ಕಿತು. ಕನಕಾಂಬರ ಮಂಕರಿಯ ತಳಕ್ಕೆ ಅಂಟಿಕೊಂಡು ಒದ್ದೆ ಬಟ್ಟೆಯ ಹಾಗೆ ಮುದ್ದೆಯಾಗಿತ್ತು. ಕನಕಾಂಬರ ಬಿಡಿಸುವುದು ಎಂದರೆ ಏನು ಎಂದು ಬಿಡಿಸಿದವರಿಗೆ ಗೊತ್ತು. ಕೈತುಂಬಾ ಬಿಡಿಸಿದರೂ ತೂಕದಲ್ಲಿ ಏನೂ ಇರುವುದಿಲ್ಲ, ಅಷ್ಟು ಹಗುರ. ಒಂದು ಮಂಕರಿಗೆ ಎರಡು ಜನ ಮೂರು ಗಂಟೆ ಬಗ್ಗಬೇಕು. ಮನೆಗೆ ಹೋಗಿ ಅತ್ತೆಗೆ ಮುಖ ತೋರಿಸಲು ಆಗಲಿಲ್ಲ. ಎಲ್ಲ ಮಾರಿ ಹೋಯಿತು ಎಂದು ಸುಳ್ಳು ಹೇಳಿದೆ.

ಆಮೇಲೆ ನಮ್ಮ ಸಂಘದ ಒಬ್ಬ ಹುಡುಗಿ ಕಾನೂನು ಓದಿ ಹೇಳಿದಳು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಸಾಮಾನು ತೆಗೆದುಕೊಂಡು ಹೋದರೆ ಪಟ್ಟಿ ಬರೆದು ಕೊಡಬೇಕು ಎಂದಿದೆ. ಹೂವು, ಸೊಪ್ಪಿನಂಥ ಕೆಡುವ ಸಾಮಾನನ್ನು, ಬಿಡಿಸಿಕೊಳ್ಳಲು ಹೋದ ದಿನವೇ ಬಿಡಬೇಕು ಎಂದಿದೆ. ಮಾರುವವರನ್ನು ಬೇರೆ ಕಡೆಗೆ ಕಳಿಸಬೇಕಾದರೆ, ಎಬ್ಬಿಸಬೇಕಾದರೆ 30 ದಿನ ಮೊದಲು ನೋಟಿಸ್ ಕೊಡಬೇಕು. ಪ್ರತಿ ಊರಿನಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ನೂರಕ್ಕೆ 40ಕ್ಕಿಂತ ಕಡಿಮೆ ಇಲ್ಲದಷ್ಟು ಬೀದಿ ವ್ಯಾಪಾರಿಗಳೇ ಇರಬೇಕು. ಕೇಳಿ ಸಂತೋಷವಾಯಿತು. ಇಷ್ಟೆಲ್ಲ ಬರೆದಿಟ್ಟಿದ್ದಾರಾ ಅನ್ನಿಸಿತು.

ಆದರೆ ಅವಳು ಇನ್ನೊಂದು ಸಾಲು ಓದಿದಳು. ಮಾರಾಟದ ಪ್ರಮಾಣಪತ್ರ ಬೇಕಾದರೆ ನನಗೆ ಬೇರೆ ಜೀವನಾಧಾರ ಇಲ್ಲ ಎಂದು ಬರೆದುಕೊಡಬೇಕು. ನಾನು ಹೇಗೆ ಬರೆದುಕೊಡಲಿ? ನನ್ನ ಹೆಸರಿನಲ್ಲಿ ಇಲ್ಲದಿದ್ದರೂ ಮನೆಯವರ ಹೆಸರಿನಲ್ಲಿ ಪಹಣಿ ಇದೆ. ನಾವು ರೈತರು. ಐದು ವರ್ಷಕ್ಕೊಂದು ಸಲ ಸಮೀಕ್ಷೆ ಮಾಡುವಾಗಲೂ ನಾವು ಸಿಕ್ಕುವುದಿಲ್ಲ. ಹತ್ತು ಗಂಟೆಗೆ ನಾವು ಊರು ಬಿಟ್ಟಿರುತ್ತೇವೆ, ವಾರಕ್ಕೆ ಮೂರೇ ದಿನ ಬರುತ್ತೇವೆ. ಹೀಗಾಗಿ ಮಂಡಿಯಲ್ಲಿ ನಾನು ಮಾರುವವಳಲ್ಲ, ಮಾಲು ತಂದವಳು. ಬೀದಿಯಲ್ಲಿ ನಾನು ಬೀದಿ ವ್ಯಾಪಾರಿಯಲ್ಲ, ರೈತಳು. ಬೆಳೆದದ್ದನ್ನು ತಾನೇ ಕೂತು ಮಾರುವ ಹೆಂಗಸಿಗೆ ಎರಡು ಕಡೆಯೂ ಹೆಸರಿಲ್ಲ. ಈ ಜಾಗ ಕೇಳುವುದರ ಹಿಂದೆ ಇರುವ ನಿಜವಾದ ಮಾತು ಇದು. ದಯವಿಟ್ಟು ಇದನ್ನು ಗಮನವಿಟ್ಟು ಓದಿ.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಬೇಕು. ತಳ್ಳುಗಾಡಿಯವರು, ಬುಟ್ಟಿ ಹೊತ್ತು ಬೀದಿ ಬೀದಿ ತಿರುಗುವ ಹೂವಾಡಗಿತ್ತಿಯರು ನಮ್ಮ ಎದುರಾಳಿಗಳಲ್ಲ. ನಮ್ಮ ಅರ್ಧ ಹೂವು ಕೊಳ್ಳುವವರೇ ಅವರು. ನಾವು ಹೊರಟ ಮೇಲೆ ಇಡೀ ದಿನ ಬಿಸಿಲಲ್ಲಿ ನಿಂತು ಮಾರುವವರು, ಉಳಿದರೆ ನಷ್ಟ ಹೊರುವವರು ಅವರೇ. ನಮಗೆ ಜಾಗ ಕೊಡುವ ನೆಪದಲ್ಲಿ ಅವರಲ್ಲಿ ಒಬ್ಬರನ್ನೂ ಎಬ್ಬಿಸಬೇಡಿ. ಅವರ ಜಾಗ ಅವರಿಗಿರಲಿ. ನಾವು ಕೇಳುವುದು ಬೇರೆ ಯಾರೂ ಬಳಸದ ಹೊತ್ತು. ಐದರಿಂದ ಒಂಬತ್ತರವರೆಗೆ ಖಾಲಿ ಇರುವ ಎಷ್ಟು ಜಾಗ ನಗರದಲ್ಲಿಲ್ಲ ಹೇಳಿ? ಹತ್ತು ಗಂಟೆ ಮೇಲೆ ವಾಹನ ನಿಲ್ಲಿಸುವ ಮೈದಾನಗಳಿವೆ. ವಾರಕ್ಕೊಂದು ದಿನ ಮಾತ್ರ ತುಂಬುವ ಸಂತೆ ಜಾಗಗಳಿವೆ. ಮಂಗಳವಾರದ ಸಂತೆ ನಮ್ಮ ಪಾಲಿಗೆ ಹಬ್ಬದ ಹಾಗೆ, ಅದು ಹಾಗೆಯೇ ಇರಲಿ. ಆದರೆ ಸೊಪ್ಪು ಮಂಗಳವಾರವನ್ನು ನೋಡಿಕೊಂಡು ಬೆಳೆಯುವುದಿಲ್ಲ.

ಇದೇನು ಯಾರೂ ಮಾಡದ ಕೆಲಸವಲ್ಲ. ತಮಿಳುನಾಡಿನಲ್ಲಿ 1999ರಲ್ಲಿ ಮದುರೆಯಲ್ಲಿ ಉಳವರ್ ಸಂದೈ, ಅಂದರೆ ರೈತರ ಸಂತೆ ಶುರುವಾಯಿತು. ಬೆಳೆದವರಿಗೆ ಗುರುತಿನ ಚೀಟಿ, ಬಾಗಿಲಲ್ಲಿ ಅಂದಿನ ಬೆಲೆಯ ಬೋರ್ಡು, ನಡುವೆ ದಲ್ಲಾಳಿ ಇಲ್ಲ. ಅದೇ ವರ್ಷ ಆಂಧ್ರದಲ್ಲಿ ರೈತು ಬಜಾರ್ ಬಂತು. ಇಷ್ಟು ವರ್ಷವಾದರೂ ಎರಡೂ ನಡೆಯುತ್ತಿವೆ. ನಮ್ಮಲ್ಲೇ ಹಣ್ಣು ತರಕಾರಿ ಮಾರುವ ಹಾಪ್‌ಕಾಮ್ಸ್ 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿತು. ಡಾ. ಎಂ.ಎಚ್. ಮರಿಗೌಡರಂಥವರು ತೋಟಗಾರಿಕೆ ಇಲಾಖೆಯಲ್ಲಿ ಕೂತು, ಬೆಳೆದವನಿಗೂ ತಿನ್ನುವವನಿಗೂ ನಡುವೆ ನೇರ ದಾರಿ ಬೇಕು ಎಂದು ದುಡಿದ ನಾಡು ಇದು. ಹಾಪ್‌ಕಾಮ್ಸ್‌ಗೆ ದಿನಾ ಒಂದೇ ಅಳತೆಯಲ್ಲಿ ಮಾಲು ಒದಗಿಸುವವರಿಗೆ ಅನುಕೂಲ. ಇಂದು 120 ಕಟ್ಟು, ನಾಳಿದ್ದು 40 ಕಟ್ಟು ತರುವ ನಮ್ಮಂಥವರಿಗೆ ಕೂತು ಮಾರುವ ಜಾಗವೇ ಬೇಕು.

ಜಾಗ ಹೇಗಿರಬೇಕು ಎಂದರೆ, ದೊಡ್ಡ ಕಟ್ಟಡ ಬೇಡ. ದಯವಿಟ್ಟು ಕಟ್ಟಡ ಕಟ್ಟಬೇಡಿ. ಕಟ್ಟಡ ಬಂದರೆ ಮಳಿಗೆ ಬರುತ್ತದೆ, ಮಳಿಗೆಗೆ ಹರಾಜು ಬರುತ್ತದೆ, ಹರಾಜಿನಲ್ಲಿ ನಾವು ಇರುವುದಿಲ್ಲ. ಒಂದು ಶೀಟಿನ ಚಪ್ಪರ ಸಾಕು, ಮರ ಇದ್ದರೆ ಇನ್ನೂ ಒಳ್ಳೆಯದು. ನೆಲ ಒಂದಡಿ ಎತ್ತರವಿರಲಿ, ಮಳೆ ನೀರು ಚೀಲದ ಕೆಳಗೆ ಹರಿಯಬಾರದು. ಒಂದು ನಲ್ಲಿ. ನಾನು ಹೇಳಿದಂಥ ಇಟ್ಟಿಗೆ ಮರಳಿನ ತಂಪು ತೊಟ್ಟಿ ನಾಲ್ಕು ಕಟ್ಟಿಸಿ, ಉಳಿದ ಸೊಪ್ಪು ಮಾರನೇ ದಿನಕ್ಕೆ ಉಳಿಯುತ್ತದೆ. ಮುದ್ರೆ ಹಾಕಿದ ಒಂದು ತಕ್ಕಡಿ ಎಲ್ಲರ ಕಣ್ಣಿಗೆ ಕಾಣುವಲ್ಲಿ ಇರಲಿ, ನಮ್ಮ ತೂಕದ ಮೇಲೆ ಅನುಮಾನ ಬಂದವರು ಅಲ್ಲಿ ತೂಗಿ ನೋಡಲಿ. ಸುಂಕ ಇಡುವುದಾದರೆ ಇಡಿ, ಕೊಡುತ್ತೇವೆ. ಆದರೆ ಎಷ್ಟು ಎಂದು ಬೋರ್ಡಿನಲ್ಲಿ ಬರೆಸಿ, ರಸೀದಿ ಕೊಡಿಸಿ. ಒಂದು ದಿನ 20, ಒಂದು ದಿನ 50, ಕೇಳಿದರೆ ಗದರಿಕೆ, ಅದು ಬೇಡ. ಕೊನೆಗೆ ಉಳಿಯುವ ಕಸ, ಎಲೆ, ಬಾಡಿದ ಹೂವು ನಾವೇ ಹಂಚಿಕೊಂಡು ಒಯ್ಯುತ್ತೇವೆ. ಅದು ನಮಗೆ ಗೊಬ್ಬರ.

ಗುರುತಿನ ಚೀಟಿ ಕೊಡಬೇಕು. ಬೆಳೆಯದವರು ಬಂದು ಕೂರದಂತೆ ನೋಡಿಕೊಳ್ಳುವುದೂ ಮುಖ್ಯ. ಇದನ್ನು ತೋಟಗಾರಿಕೆ ಇಲಾಖೆಯವರು, ಗ್ರಾಮ ಪಂಚಾಯಿತಿಯವರು ಹೊಲ ನೋಡಿ ಮಾಡಬಹುದು. ಪಹಣಿಯನ್ನೇ ಕೇಳಿದರೆ ಮತ್ತೆ ಹೆಂಗಸರು ಹೊರಗೆ ಉಳಿಯುತ್ತೇವೆ. ಗುತ್ತಿಗೆಗೆ, ಪಾಲಿಗೆ ಮಾಡುವವರೂ ಹೊರಗುಳಿಯುತ್ತಾರೆ. ಬೆಳೆ ಯಾರ ಕೈಯಲ್ಲಿದೆ ಎಂದು ನೋಡಿ ಕೊಡಿ.

ಶೌಚಾಲಯದ ಬಗ್ಗೆ ನಾಚಿಕೆ ಬಿಟ್ಟು ಬರೆಯುತ್ತೇನೆ. ಮೂರೂವರೆಗೆ ಎದ್ದ ನಾನು ಹತ್ತೂವರೆಗೆ ಮನೆ ಸೇರುವ ತನಕ ಒಂದು ಲೋಟ ನೀರು ಕುಡಿಯುವುದಿಲ್ಲ. ಕಾಫಿಯನ್ನೂ ಬಿಟ್ಟಿದ್ದೇನೆ. ನನ್ನ ಜೊತೆ ಕೂರುವ ಎಲ್ಲ ಹೆಂಗಸರೂ ಹೀಗೆಯೇ ಮಾಡುತ್ತಾರೆ. ಒಬ್ಬ ಅಕ್ಕನಿಗೆ ಎರಡು ಸಲ ಮೂತ್ರದ ಸೋಂಕಾಗಿ ಜ್ವರ ಬಂದು ಮಲಗಿದರು. ಡಾಕ್ಟರು ನೀರು ಜಾಸ್ತಿ ಕುಡಿಯಮ್ಮ ಎಂದರಂತೆ. ಎಲ್ಲಿ ಕುಡಿಯೋದು? ಸೊಪ್ಪಿಗೆ ಗಂಟೆಗೊಂದು ಸಲ ನೀರು ಚಿಮುಕಿಸುತ್ತಾ ಕೂತಿರುವವರು ತಾವು ನೀರು ಕುಡಿಯುವುದಿಲ್ಲ. ಚಪ್ಪರ ತಡವಾದರೂ ಪರವಾಗಿಲ್ಲ, ಇದನ್ನು ಮೊದಲು ಮಾಡಿಕೊಡಿ.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಬಸ್ ಟಿಕೆಟ್ ಇಲ್ಲ. ಅದರಿಂದ ಎಷ್ಟು ಉಪಕಾರವಾಗಿದೆ ಎಂದು ನಮ್ಮ ಊರಿನ ಯಾವ ಹೆಂಗಸನ್ನಾದರೂ ಕೇಳಿ. ಆದರೆ ಮಂಕರಿ ಹತ್ತಿಸಲು ಒಪ್ಪುವುದಿಲ್ಲ, ಒಪ್ಪಿದರೂ ಲಗೇಜ್ ಕೊಡಬೇಕು. ಬೆಳಗಿನ ಮೊದಲ ಬಸ್ಸಿನಲ್ಲಿ ಎರಡು ಮಂಕರಿಗೆ ಜಾಗ ಕೊಟ್ಟರೆ ಆಟೋದ 120 ರೂಪಾಯಿ ಉಳಿಯುತ್ತದೆ. ಇದನ್ನೂ ಯೋಚನೆ ಮಾಡಿ.

ಇನ್ನು ಕೊಳ್ಳುವ ಅಕ್ಕ, ಅಣ್ಣಂದಿರಿಗೆ ಒಂದೆರಡು ಮಾತು. ನೀವು ಚೌಕಾಸಿ ಮಾಡಿ, ಅದು ತಪ್ಪಲ್ಲ, ನಾವೂ ಮಾಡುತ್ತೇವೆ. ಆದರೆ ಬೀನ್ಸನ್ನು ಒಂದೊಂದಾಗಿ ಮುರಿದು ನೋಡಬೇಡಿ, ಮುರಿದದ್ದನ್ನು ಮತ್ತೆ ಯಾರೂ ಕೊಳ್ಳುವುದಿಲ್ಲ. ಒಂದು ಮುರಿದು ನೋಡಿ, ಸಾಕು. ಸೊಪ್ಪಿನ ಎಲೆಯಲ್ಲಿ ಒಂದು ತೂತಿದ್ದರೆ ಹೆದರಬೇಡಿ. ಎಲ್ಲೂ ತೂತಿಲ್ಲದ ಎಲೆಗೆ ಎಷ್ಟು ಸಲ ಔಷಧಿ ಹೊಡೆದಿರಬೇಕು ಎಂದು ಯೋಚಿಸಿ. ಏನು ಹೊಡೆದಿದ್ದೇವೆ, ಯಾವತ್ತು ಹೊಡೆದಿದ್ದೇವೆ ಎಂದು ಕೇಳಿದರೆ ಹೇಳುತ್ತೇವೆ. ಬೆಳೆದವಳೇ ಎದುರಿಗೆ ಕೂತಿರುವಾಗ ಆ ಪ್ರಶ್ನೆಗೆ ಉತ್ತರ ಸಿಗುತ್ತದೆ. ಮತ್ತೆ, ಬಾಗಿಲಿಗೆ ಪ್ಲಾಸ್ಟಿಕ್ ಹೂವಿನ ತೋರಣ ಕಟ್ಟುವ ಮನೆಗಳು ಜಾಸ್ತಿಯಾಗುತ್ತಿವೆ. ಮದುವೆ ಮಂಟಪಗಳಲ್ಲೂ ಅದೇ. ಒಮ್ಮೆ ಕೊಂಡರೆ ಹತ್ತು ವರ್ಷ ಬರುತ್ತದೆ ಎಂದು ಕೊಳ್ಳುತ್ತೀರಿ. ದೇವರ ಮುಂದೆ ಬಾಡುವ ಹೂವನ್ನೇ ಇಡಿ. ದಿನಾ ಬೇಡ, ಶುಕ್ರವಾರ ಒಂದು ಮೊಳ ಕೊಂಡರೂ ನಮ್ಮ ಮಡಿ ಹಸಿರಾಗಿರುತ್ತದೆ.

ಮಾನ್ಯರೇ, ಒಂದು ದಿನ ನೀವೇ ಬಂದು ನೋಡಿ. ಹತ್ತು ಗಂಟೆಗೆ ಬಂದರೆ ಬರೀ ಕಸ ಕಾಣುತ್ತದೆ. ಐದೂವರೆಗೆ ಬನ್ನಿ. ಸ್ವಲ್ಪ ಚಳಿ ಇರುತ್ತದೆ, ಶಾಲು ಹೊದ್ದುಕೊಂಡು ಬನ್ನಿ. ಗೊರೂರು ಕಡೆಯಿಂದ, ಆಲೂರು ಕಡೆಯಿಂದ, ಅರಸೀಕೆರೆ ದಾರಿಯಿಂದ ಆಟೋಗಳು ಬಂದು ನಿಲ್ಲುತ್ತವೆ. ಹೆಂಗಸರು ಮಂಕರಿ ಇಳಿಸಿ, ಎಲ್ಲಿ ಕೂರಬಹುದು, ಯಾವ ಅಂಗಡಿಯವರು ಇವತ್ತು ಬೈಯುವುದಿಲ್ಲ ಎಂದು ಕತ್ತಲಲ್ಲಿ ಆ ಕಡೆ ಈ ಕಡೆ ನೋಡುತ್ತಾ ನಿಂತಿರುತ್ತಾರೆ. ಅವರಲ್ಲಿ ಯಾರನ್ನಾದರೂ ಮಾತಾಡಿಸಿ, ನಾನು ಬರೆದದ್ದರಲ್ಲಿ ಒಂದು ಮಾತು ಹೆಚ್ಚಾಗಿದೆಯಾ ಎಂದು ಕೇಳಿ. ಹಾಸನಾಂಬೆ ಬಾಗಿಲು ತೆರೆಯುವ ಮೊದಲು ಬಂದರೆ ಇನ್ನೂ ಒಳ್ಳೆಯದು, ಸೇವಂತಿಗೆ ಈಗಷ್ಟೇ ಬಿಡಲು ಶುರುವಾಗಿದೆ. ನಾನು ಮಂಗಳವಾರ, ಗುರುವಾರ, ಶನಿವಾರ ಅಲ್ಲೇ ಇರುತ್ತೇನೆ.

ವಿಶ್ವಾಸದಿಂದ,
ಹಾಸನ ತಾಲ್ಲೂಕಿನ ಒಬ್ಬ ಹೂವು, ತರಕಾರಿ ಬೆಳೆಗಾರ್ತಿ